ರಿಜಿಸ್ಟರಿನಲ್ಲಿ ಬದುಕಿದ್ದ ನಾಯಿ

೧೯೭೮ರ ಡಿಸೆಂಬರ್. ನಾನು ಆಗ ವೈಟ್‌ಫೀಲ್ಡ್ ಕಡೆಯ ಒಂದು ಎರಕದ ಕಾರ್ಖಾನೆಯ ಡಿಸ್ಪೆನ್ಸರಿಯಲ್ಲಿ ಕಾಂಪೌಂಡರ್. ಡಾಕ್ಟರು ವಾರಕ್ಕೆ ಎರಡು ದಿನ ಬಂದು ಹೋಗುತ್ತಿದ್ದರು. ಮಿಕ್ಕ ದಿನಗಳಲ್ಲಿ ಸುಟ್ಟ ಗಾಯಕ್ಕೆ ಪಟ್ಟಿ ಕಟ್ಟುವುದು, ಸೂಜಿ ಹಾಕುವುದು, ಮಾತ್ರೆ ಎಣಿಸಿ ಕೊಡುವುದು, ಕಳ್ಳ ಹೊಟ್ಟೆನೋವಿನವರನ್ನು ಬೈದು ಕಳಿಸುವುದು ಎಲ್ಲವೂ ನನ್ನದೇ. ಆ ಎರಡು ಕೋಣೆಗಳಲ್ಲಿ ನನ್ನ ಮಾತೇ ಮಾತು. ನನಗೆ ಮೂವತ್ತೊಂದು ವರ್ಷ, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ನನ್ನ ಹೆಸರು ಇನಾಸಪ್ಪ. ಬೆಂಗಳೂರು ಸೀಮೆಯ ಹಳೆಯ ಕನ್ನಡ ಕ್ರೈಸ್ತ ಮನೆತನ ನಮ್ಮದು. ವಾರವೆಲ್ಲ ರಾಗಿ ಹೊಲ, ಭಾನುವಾರ ಗುಡಿಯಲ್ಲಿ, ಅಂದರೆ ಚರ್ಚಿನಲ್ಲಿ ಪೂಜೆ, ವರ್ಷಕ್ಕೆರಡು ಸಲ ಪಾದ್ರಿಯ ಮುಂದೆ ಪಾಪನಿವೇದನೆ. ಪಾಪನಿವೇದನೆ ಎಂದರೆ ಮಾಡಿದ ತಪ್ಪನ್ನು ಗುರುಗಳ ಕಿವಿಗೆ ಹಾಕಿ, ದೇವರ ಹೆಸರಿನಲ್ಲಿ ಕ್ಷಮೆ ಪಡೆದು ಬರುವುದು. ಚಿಕ್ಕಂದಿನಿಂದ ಅದು ನನಗೆ ಹಗುರವಾಗಿ ಒಗ್ಗಿಬಿಟ್ಟಿತ್ತು. ಮೊಣಕಾಲೂರಿ ಹೇಳಿದೆ, ಎದ್ದು ಬಂದೆ, ಮುಗಿಯಿತು.

ಆ ತಿಂಗಳ ನಡುವೆ ಕ್ಯಾಂಟೀನಿನ ಹಿಂದೆ ಎಂಜಲು ತಿಂದುಕೊಂಡಿದ್ದ ಕಂದು ನಾಯಿಯೊಂದು ಮುನಿರಾಜು ಎಂಬ ಕೆಲಸಗಾರನ ಬಲಗೈ ಕಚ್ಚಿತು. ಮುನಿರಾಜು ಮೋಲ್ಡಿಂಗ್ ವಿಭಾಗದವನು. ಮರಳಿನ ಅಚ್ಚು ಮಾಡುವುದರಲ್ಲಿ ಅವನ ಕೈ ನಿಖರ ಎಂದು ಫೋರ್‌ಮನ್ನರೇ ಹೇಳುತ್ತಿದ್ದರು. ಕಾರ್ಖಾನೆಯಿಂದ ಎರಡು ಮೈಲಿ ದೂರದ ಹಳ್ಳಿ. ಮನೆಯಲ್ಲಿ ಹೆಂಡತಿ ಗೌರಮ್ಮ, ಅಣ್ಣ ನಾರಾಯಣಪ್ಪ. ಆ ನಾಯಿ ಎಲ್ಲರಿಗೂ ಗೊತ್ತಿದ್ದದ್ದೇ. ಅದರ ಎಡಗಿವಿ ಅರ್ಧ ಹರಿದಿತ್ತು. ಅದೇ ವಯಸ್ಸಿನ, ಅದೇ ಬಣ್ಣದ ಇನ್ನೊಂದು ನಾಯಿಯೂ ಅಲ್ಲೇ ಸುತ್ತುತ್ತಿತ್ತು. ಅದರ ಕಿವಿ ಚೆನ್ನಾಗಿತ್ತು.

ಆಗಿನ ನಾಯಿಕಡಿತದ ಚಿಕಿತ್ಸೆ ಈಗಿನಂತೆ ತೋಳಿಗೆ ನಾಲ್ಕೈದು ಸೂಜಿ ಅಲ್ಲ. ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು. ದಪ್ಪ ಸೂಜಿ, ಹಾಕಿದ ಜಾಗ ಊದಿಕೊಂಡು ಅಂಗಿ ತಾಗಿದರೂ ಉರಿ. ಆ ಲಸಿಕೆಯಿಂದಲೇ ಕೆಲವರಿಗೆ ಕೈಕಾಲು ಸ್ವಾಧೀನ ತಪ್ಪುವ ಭಯವೂ ಇತ್ತು. ಆದ್ದರಿಂದ ಡಾಕ್ಟರು ಒಂದು ಕ್ರಮ ಹೇಳಿ ಹೋಗಿದ್ದರು. ಕಚ್ಚಿದ ನಾಯಿಯನ್ನು ಕಟ್ಟಿಹಾಕಿ ದಿನವೂ ನೋಡಬೇಕು. ಐದನೇ ದಿನವೂ ಅದು ಆರೋಗ್ಯವಾಗಿದ್ದರೆ ಸೂಜಿ ನಿಲ್ಲಿಸಬಹುದು. ಹತ್ತನೇ ದಿನದವರೆಗೆ ನಾಯಿಯ ಮೇಲೆ ಕಣ್ಣಿಟ್ಟಿರಬೇಕು. ಹುಚ್ಚು ತಗುಲಿದ ನಾಯಿ ಅಷ್ಟು ದಿನ ಬದುಕುವುದಿಲ್ಲ ಎಂಬುದು ಲೆಕ್ಕ.

ನಾಯಿಯನ್ನು ಗೇಟಿನ ಪಕ್ಕದ ಶೆಡ್ಡಿನಲ್ಲಿ ಕಟ್ಟಿಸಿದೆ. ನೋಡಿಕೊಳ್ಳುವ ಜವಾಬ್ದಾರಿ ಗೇಟಿನ ಹವಾಲ್ದಾರನದು. ಡಿಸ್ಪೆನ್ಸರಿಯಿಂದ ಗೇಟಿಗೆ ಇನ್ನೂರು ಹೆಜ್ಜೆ. ಆದರೆ ಅದೇ ವರ್ಷ ನಮಗೆ ಇಂಟರ್‌ಕಾಮ್ ಬಂದಿತ್ತು, ನನ್ನ ಮೇಜಿನ ಮೇಲೂ ಒಂದು ಕಪ್ಪು ಫೋನು ಕೂತಿತ್ತು. ಮೇಜಿನ ಮೇಲೆ ಫೋನಿರುವ ಮನುಷ್ಯ ನಾಯಿ ನೋಡಲು ನಡೆದು ಹೋಗುತ್ತಾನೆಯೇ? ಪ್ರತಿದಿನ ಬೆಳಿಗ್ಗೆ ಒಂಬತ್ತಕ್ಕೆ ಗೇಟಿಗೆ ಫೋನು ಮಾಡುತ್ತಿದ್ದೆ.

"ನಾಯಿ ಹೇಗಿದೆಯಪ್ಪಾ?"

"ಸಕ್ಕತ್ತಾಗಿದೆ ಸಾರ್. ಅನ್ನ ಹಾಕಿದ್ದೆಲ್ಲ ತಿಂತಾ ಇದೆ."

ನಾನು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ: ನಾಯಿ ಪರೀಕ್ಷಿಸಲಾಯಿತು, ಆರೋಗ್ಯವಾಗಿದೆ. ಕೆಳಗೆ ಸಹಿ. ನನ್ನ ಅಕ್ಷರ ಮುತ್ತಿನಂತೆ ಇತ್ತು, ಅದರ ಜಂಬವೂ ಇತ್ತು.

ಐದನೇ ದಿನ ಮುನಿರಾಜು ಅಂಗಿ ಎತ್ತಿ ಹಲ್ಲು ಕಚ್ಚಿ ನಿಂತ. "ಇನ್ನೂ ಎಷ್ಟವೆ ಸಾರ್? ಒಟ್ಟೆ ಮುಟ್ಟಕಾಗಲ್ಲ," ಎಂದ. ಸೂಜಿ ಹಾಕಿ, ದೊಡ್ಡ ಮನಸ್ಸಿನವನಂತೆ ಅವನ ಬೆನ್ನು ತಟ್ಟಿದೆ. "ಇಷ್ಟೇ ಕಣೋ, ಸಾಕು ಹೋಗು. ನಿನ್ನ ನಾಯಿ ಗುಂಡುಕಲ್ಲಿನ ಹಾಗೆ ಇದೆ." ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಮಾರನೆಯ ದಿನ ಒಂದು ಚೀಲ ಸೊನೆ ಅವರೆಕಾಯಿ ತಂದು ಡಿಸ್ಪೆನ್ಸರಿಯಲ್ಲಿ ಇಟ್ಟುಹೋದ. ನಮ್ಮ ಮನೆಯಲ್ಲಿ ಹಿತಕಿದ ಅವರೆಯ ಸಾರು ಮಾಡಿ ಮೂರು ದಿನ ತಿಂದೆವು.

ಫೆಬ್ರವರಿಯ ಎರಡನೇ ವಾರ ಅವನು ಮತ್ತೆ ಬಂದ. ಕಚ್ಚಿದ ಕೈ ಎರಡು ದಿನದಿಂದ ಜುಮ್ಮೆನ್ನುತ್ತಿದೆ, ಗಂಟಲು ಹಿಡಿದುಕೊಂಡಿದೆ, ನಿದ್ದೆಯಿಲ್ಲ ಎಂದ. ಗಂಟಲಿಗೆ ಮಾತ್ರೆ ಕೊಟ್ಟೆ. ಇಲ್ಲೇ ನುಂಗು ಎಂದು ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ ಕೈಗಿಟ್ಟೆ. ಲೋಟ ಅರ್ಧ ದಾರಿ ಬಂತು. ಅಲ್ಲಿಂದ ಮೇಲೆ ಬರಲಿಲ್ಲ. ಅವನ ಕತ್ತಿನ ನರಗಳೆಲ್ಲ ಬಿಗಿದವು, ತಲೆ ಹಿಂದಕ್ಕೆ ಎಳೆದುಕೊಂಡಿತು, ಗಂಟಲಿನಿಂದ ನಾನು ಅದುವರೆಗೆ ಕೇಳಿರದ ಒಂದು ಶಬ್ದ ಬಂತು. ಲೋಟ ಬಿದ್ದು ನೀರು ಚೆಲ್ಲಿತು. ಆ ನೀರಿನಿಂದ ಅವನು ಗೋಡೆಯವರೆಗೆ ಹಿಂದೆ ಸರಿದ.

ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಂಡು, "ಯಾಕ್ ಸಾರ್ ಇಂಗಾಗ್ತದೆ?" ಎಂದು ಕೇಳಿದ. ನನಗೆ ಗೊತ್ತಿತ್ತು. ಪುಸ್ತಕದಲ್ಲಿ ಓದಿದ್ದೆ. ನೀರು ಕಂಡರೆ, ಗಾಳಿ ತಾಗಿದರೆ ಗಂಟಲು ಬಿಗಿಯುವ ಈ ಸ್ಥಿತಿಗೆ ಹೈಡ್ರೋಫೋಬಿಯಾ ಎನ್ನುತ್ತಾರೆ. ಇದು ಕಾಣಿಸಿಕೊಂಡ ಮೇಲೆ ಔಷಧವಿಲ್ಲ. ಮೂರು ನಾಲ್ಕು ದಿನ, ಅಷ್ಟೇ. ನಡುನಡುವೆ ಮನಸ್ಸು ನಿಚ್ಚಳವಾಗಿರುತ್ತದೆ, ತನಗೇನಾಗುತ್ತಿದೆ ಎಂದು ರೋಗಿಗೆ ತಿಳಿಯುತ್ತಿರುತ್ತದೆ. ಈ ಕಾಯಿಲೆಯ ಕ್ರೌರ್ಯ ಇರುವುದು ಅಲ್ಲಿಯೇ.

ಅವನನ್ನು ಬೆಂಚಿನ ಮೇಲೆ ಕೂರಿಸಿ, ಎರಡು ತಿಂಗಳ ಹಿಂದೆ ಇಡದ ಇನ್ನೂರು ಹೆಜ್ಜೆಗಳನ್ನು ಅವತ್ತು ಓಡಿದೆ. ಹವಾಲ್ದಾರನ ಕೊರಳಪಟ್ಟಿ ಹಿಡಿದೆ. ಮೊದಲು ಏನೇನೋ ಹೇಳಿದ, ಆಮೇಲೆ ಅಳಲು ಶುರುಮಾಡಿದ.

"ಎರಡನೇ ದಿನಾನೇ ಹಗ್ಗ ಕಡ್ಕೊಂಡು ಓಡೋಯ್ತು ಸಾರ್. ಮೆಮೋ ಕೊಡ್ತಾರೆ ಅಂತ ಭಯ ಆಯ್ತು. ಅದಕ್ಕೆ ಇನ್ನೊಂದನ್ನ ಹಿಡಿದು ಕಟ್ದೆ. ಎರಡೂ ಒಂದೇ ಥರಾ ಅಲ್ವಾ ಸಾರ್?"

ಒಂದೇ ಥರ ಅಲ್ಲ. ಒಂದರ ಕಿವಿ ಹರಿದಿತ್ತು. ನಾನು ಒಂದೇ ಒಂದು ಸಲ ಹೋಗಿ ನೋಡಿದ್ದರೆ ಕಣ್ಣಿಗೆ ಹೊಡೆಯುತ್ತಿತ್ತು.

ಡಿಸ್ಪೆನ್ಸರಿಗೆ ವಾಪಸು ಬರುವಷ್ಟರಲ್ಲಿ ಸುದ್ದಿ ಹಬ್ಬಿತ್ತು. ಕಿಟಕಿಯಲ್ಲಿ ತಲೆಗಳು. ಯಾರೋ ಒಬ್ಬ, ಅವನ ಜೊತೆಯಲ್ಲೇ ಆರು ವರ್ಷ ಕೆಲಸ ಮಾಡಿದವನು, ಏನಾಗುತ್ತದೆ ನೋಡೋಣ ಎಂದು ಕಿಟಕಿಯಿಂದ ಒಂದು ಹಿಡಿ ನೀರು ಎರಚಿದ. ಮುನಿರಾಜುವಿನ ಮೈ ಬಿಲ್ಲಿನಂತೆ ಬಾಗಿದ್ದನ್ನು ನೋಡಿ ಇಬ್ಬರು ಕಿರುಚಿದರು, ಒಬ್ಬ ನಕ್ಕ. ಅವರನ್ನು ಬೈದು ಅಟ್ಟಿದೆ. ಅವರು ಎರಚಿದ್ದು ಒಂದು ಹಿಡಿ ನೀರು ಮಾತ್ರ, ಅವನನ್ನು ಆ ಸ್ಥಿತಿಗೆ ತಂದವನು ನಾನು.

ಊರಿನಿಂದ ಅಣ್ಣ ನಾರಾಯಣಪ್ಪ ನಾಲ್ಕು ಜನರನ್ನು ಕರೆದುಕೊಂಡು ಬಂದ. ಎತ್ತು ಕಟ್ಟುವ ಹಗ್ಗದಿಂದ ತಮ್ಮನ ಕೈಕಾಲು ಬಿಗಿದು ಟೆಂಪೋದಲ್ಲಿ ಮಲಗಿಸಿದರು. ಮೂರು ಮೈಲಿ ದೂರದಲ್ಲಿ ಕನ್ಯಾಸ್ತ್ರೀಯರು ನಡೆಸುತ್ತಿದ್ದ ಸಣ್ಣ ಆಸ್ಪತ್ರೆಗೆ ನಾನೇ ದಾರಿ ತೋರಿಸಿದೆ. ಅಲ್ಲಿಯ ವೈದ್ಯೆ ಸಿಸ್ಟರ್ ಆಗ್ನೆಸ್. ಮಂಗಳೂರಿನ ಕಡೆಯವರು, ಐವತ್ತು ದಾಟಿದ ಕುಳ್ಳ ಹೆಂಗಸು. ಟೆಂಪೋದೊಳಗೆ ಬಗ್ಗಿ ನೋಡಿದವರೇ, "ಹಗ್ಗ ಬಿಚ್ಚಿ," ಎಂದರು.

"ಕಚ್ತಾನೆ ಅಮ್ಮಾ," ಎಂದ ನಾರಾಯಣಪ್ಪ.

"ಮನುಷ್ಯ ಅವ್ರು. ಬಿಚ್ಚಿ ಅಂದೆ ಅಲ್ವಾ?"

ಯಾರೂ ಮುಂದೆ ಬರಲಿಲ್ಲ. ಸಿಸ್ಟರ್ ಗ್ಲೌಸ್ ಹಾಕಿಕೊಂಡು ತಾವೇ ಟೆಂಪೋ ಹತ್ತಿ ಗಂಟು ಬಿಚ್ಚಿದರು. ಬಿಚ್ಚುತ್ತ ಅವನಿಗೆ ಎಲ್ಲ ಹೇಳುತ್ತಿದ್ದರು: ಈಗ ಎಡಗೈ, ಈಗ ಸೂಜಿ ಕೊಡ್ತೇನೆ, ಸ್ವಲ್ಪ ಮಂಪರು ಬರ್ತದೆ, ಹೆದರ್ಬೇಡಿ. ಮುನಿರಾಜು ಕೈ ಮುಗಿಯಲು ಹೋದ. ಕೈಗಳು ಮರಗಟ್ಟಿ ಒಂದಕ್ಕೊಂದು ಸೇರಲಿಲ್ಲ.

ಅವನನ್ನು ಮೂಲೆಯ ಕೋಣೆಯಲ್ಲಿ ಮಲಗಿಸಿದರು. ಫ್ಯಾನ್ ನಿಲ್ಲಿಸಿ, ಕಿಟಕಿಗೆ ಕಂಬಳಿ ಕಟ್ಟಿ, ನೀರಿನ ಪಾತ್ರೆಗಳನ್ನೆಲ್ಲ ಹೊರಗಿಟ್ಟರು. ಬಾಗಿಲಿಗೆ ಚಿಲಕ ಹಾಕಲಿಲ್ಲ. ಗೌರಮ್ಮ ಬಂದು ಹೊಸ್ತಿಲಲ್ಲಿ ನಿಂತಾಗ ಅವಳಿಗೂ ಗ್ಲೌಸ್ ಕೊಟ್ಟು, "ಕೈ ಹಿಡ್ಕೊಂಡು ಕೂತ್ಕೊಳ್ಳಿ, ಜೊಲ್ಲು ಮಾತ್ರ ತಾಗ್ಸ್ಕೊಳ್ಬೇಡಿ," ಎಂದರು. ಅವಳು ರಬ್ಬರಿನ ಕೈಗಳಲ್ಲಿ ಗಂಡನ ಕೈ ಹಿಡಿದು ಕೂತಳು. ಮೂರು ದಿನವೂ ಹಾಗೆಯೇ ಕೂತಿದ್ದಳು.

ಮಧ್ಯಾಹ್ನ ನಾರಾಯಣಪ್ಪ ಸಿಸ್ಟರ್ ಮುಂದೆ ನಿಂತ. ಒಳ್ಳೆಯ ಮನುಷ್ಯ, ಕಣ್ಣಲ್ಲಿ ನೀರಿತ್ತು. "ಎಂಗೂ ಉಳಿಯಾಕಿಲ್ಲ ಅಂತೀರ. ಒಂದು ಸೂಜಿ ಆಕಿ ಮುಗಿಸ್ಬಿಡಿ ತಾಯಿ. ನೋಡಕಾಗಲ್ಲ," ಎಂದ.

ನಾನು ಅವನ ಮಾತಿಗೆ ದನಿಗೂಡಿಸಿದೆ. "ಸಿಸ್ಟರ್, ಕರುಣೆ ಅಂತ ಒಂದಿದೆಯಲ್ಲ. ಡೋಸ್ ಸ್ವಲ್ಪ ಹೆಚ್ಚು ಮಾಡಿದರೆ ಯಾರಿಗೂ ಗೊತ್ತಾಗಲ್ಲ."

ಅವರು ನಾರಾಯಣಪ್ಪನಿಗೆ ಮೆತ್ತಗೆ ಉತ್ತರ ಕೊಟ್ಟರು. "ನೋವಿಗೆ ಎಷ್ಟು ಬೇಕೋ ಅಷ್ಟು ಮದ್ದು ಕೊಡ್ತೇನೆ. ಅದರಿಂದ ಅವ್ರಿಗೆ ನಿದ್ದೆ ಬಂದ್ರೂ ಸರಿ, ಆಯುಸ್ಸು ಒಂದು ಗಂಟೆ ಕಮ್ಮಿ ಆದ್ರೂ ಸರಿ. ಆದ್ರೆ ಕೊಲ್ಲಲಿಕ್ಕೆ ಅಂತ ಒಂದು ಹನಿ ಕೊಡುದಿಲ್ಲ. ನಾವು ಸಾಯೋರ ಜೊತೆ ಕೂತ್ಕೊಳ್ಳೋರು, ಕಳಿಸಿಬಿಡೋರಲ್ಲ." ಅವನು ಹೋದ ಮೇಲೆ ನನ್ನ ಕಡೆ ತಿರುಗಿದರು. "ಯಾರ ಕಷ್ಟ ಬೇಗ ಮುಗೀಬೇಕು ನಿಮ್ಗೆ, ಇನಾಸಪ್ಪನವ್ರೇ?"

ಆ ಹೆಂಗಸಿಗೆ ಹೇಗೆ ತಿಳಿಯಿತೋ ದೇವರೇ ಬಲ್ಲ. ನನ್ನ ಕರುಣೆಯ ಒಳಗೆ ಇದ್ದದ್ದು ಹೆದರಿಕೆ. ಮುನಿರಾಜು ಎಚ್ಚರವಿದ್ದಾಗಲೆಲ್ಲ "ನಾಯಿ ಚೆನ್ನಾಗಿತ್ತಲ್ಲ ಸಾರ್, ಮತ್ಯಾಕೆ ಬಂತು ಇದು?" ಎಂದು ನನ್ನನ್ನೇ ಕೇಳುತ್ತಿದ್ದ. ಅವನು ಬೇಗ ಹೋಗಿಬಿಟ್ಟರೆ ಆ ಪ್ರಶ್ನೆಯೂ ಹೋಗುತ್ತದೆ ಎಂದು ನಾನು ಕಾಯುತ್ತಿದ್ದೆ. ಒಬ್ಬ ಮನುಷ್ಯನ ಸಾವನ್ನು ನನ್ನ ಅನುಕೂಲಕ್ಕೆ ಬಯಸಿ ಅದಕ್ಕೆ ಕರುಣೆ ಎಂದು ಹೆಸರಿಟ್ಟಿದ್ದೆ. ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಸಿಸ್ಟರ್ ಮುಂದೆ ಎಲ್ಲವನ್ನೂ ಹೇಳಿದೆ. ಇಂಟರ್‌ಕಾಮ್, ರಿಜಿಸ್ಟರು, ಕಿವಿ. ಸಾಯಂಕಾಲವೇ ಪಾದ್ರಿಗಳ ಹತ್ತಿರ ಹೋಗಿ ಪಾಪನಿವೇದನೆ ಮಾಡುತ್ತೇನೆ ಎಂದೆ.

"ಮಾಡಿ. ದೇವರು ಕ್ಷಮಿಸ್ತಾನೆ," ಎಂದರು. "ಆದ್ರೆ ದೇವರ ಹೊಟ್ಟೆಗೆ ನೀವು ಸೂಜಿ ನಿಲ್ಲಿಸಿದ್ದಲ್ಲ. ಯಾಕೆ ಸಾಯ್ತಾ ಇದ್ದೇನೆ ಅಂತ ಅವ್ರು ಕೇಳ್ತಾ ಇದ್ದಾರೆ. ಅದು ಅವ್ರ ಸಾವು, ಉತ್ತರ ಅವ್ರಿಗೆ ಸಲ್ಬೇಕು."

ಮರುದಿನ ಕಾರ್ಖಾನೆಯಲ್ಲಿ ವಿಚಾರಣೆ. ಮ್ಯಾನೇಜರು ನನ್ನ ರಿಜಿಸ್ಟರನ್ನು ಪುಟಪುಟವಾಗಿ ತಿರುವಿ, "ನಿಮ್ಮ ರೆಕಾರ್ಡ್ ಕ್ಲೀನಾಗಿದೆ ಕಣ್ರೀ," ಎಂದರು. ಪರೀಕ್ಷಿಸಲಾಯಿತು ಎಂದು ಬರೆದಿದ್ದೀರಲ್ಲ, ನೀವು ನೋಡಿದ್ದಿರಾ ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹವಾಲ್ದಾರನನ್ನು ಅವತ್ತೇ ಕೆಲಸದಿಂದ ತೆಗೆದರು. ಸುಳ್ಳು ಹೇಳಿದವನು ಅವನು, ನಿಜ. ಆ ಸುಳ್ಳಿಗೆ ಸಹಿ ಹಾಕಿದವನು ಬಾಯಿ ಬಿಡದೆ ನಿಂತಿದ್ದ.

ಅಲ್ಲಿಂದ ನೇರವಾಗಿ ಆಸ್ಪತ್ರೆಗೆ ಹೋದೆ. ಹನ್ನೊಂದು ಗಂಟೆ ಇರಬೇಕು. ಮುನಿರಾಜುಗೆ ಎಚ್ಚರವಿತ್ತು. ತುಟಿ ಒಡೆದಿತ್ತು. ನೀರಡಿಕೆಯಿಂದ ಸಾಯುತ್ತಿದ್ದವನಿಗೆ ನೀರೆಂಬ ಮಾತನ್ನೂ ಕೇಳಲಾಗುತ್ತಿರಲಿಲ್ಲ. ಗೌರಮ್ಮ ಪಕ್ಕದಲ್ಲಿ, ಸಿಸ್ಟರ್ ಬಾಗಿಲಲ್ಲಿ. ನಾನು ಮಂಚದ ಹತ್ತಿರ ಬಗ್ಗಿ ಹೇಳಿದೆ.

"ಮುನಿರಾಜು, ಆ ನಾಯಿ ಎರಡನೇ ದಿನಕ್ಕೇ ಓಡಿಹೋಗಿತ್ತು. ಕಟ್ಟಿದ್ದು ಬೇರೆ ನಾಯಿ. ನಾನು ಹೋಗಿ ನೋಡಲಿಲ್ಲ. ಫೋನಿನಲ್ಲಿ ಕೇಳಿ ಬರೆದೆ."

"ಒಂದು ದಿನಾನೂ ನೋಡ್ಲಿಲ್ವಾ?" ಎಂದ.

"ಇಲ್ಲ."

"ಗೇಟು ಅಲ್ಲೇ ಇತ್ತಲ್ಲ ಸಾರ್."

"ತಪ್ಪಾಯಿತು. ನನ್ನನ್ನು ಕ್ಷಮಿಸಿಬಿಡು."

ಹೇಳಿ ಮುಗಿಸುವ ಮುಂಚೆ ಅವನು ತಲೆಯೆತ್ತಿ ನನ್ನ ಮುಖಕ್ಕೆ ಉಗಿದ. ಅದು ಕಾಯಿಲೆಯ ಸೆಳೆತವಲ್ಲ. ಗುರಿಯಿಟ್ಟು, ಗೊತ್ತಿದ್ದು, ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಉಗಿದದ್ದು. ಕಣ್ಣಿಗೂ ತುಟಿಗೂ ಬಿತ್ತು. ಆ ಎಂಜಲಿನಲ್ಲಿ ಏನಿತ್ತೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗೌರಮ್ಮ ನನ್ನನ್ನು ನೋಡಿದಳು.

"ನಮ್ಮನೆ ಅವರೆಕಾಯಿ ತಿಂದ್ರಲ್ಲ ಸಾರ್ ನೀವು," ಎಂದಳು.

ಸಿಸ್ಟರ್ ನನ್ನನ್ನು ಹೊರಗೆ ಎಳೆದೊಯ್ದು ನಲ್ಲಿಯ ಕೆಳಗೆ ಕಾಲು ಗಂಟೆ ಸೋಪು ಹಚ್ಚಿ ಮುಖ ತೊಳೆಸಿದರು. ನಾನು ಅಳುತ್ತಿದ್ದೆ. ಇಷ್ಟು ಧೈರ್ಯ ಮಾಡಿ ಸತ್ಯ ಹೇಳಿದವನಿಗೆ ಇದೇನಾ ಸಿಗುವುದು ಎಂದು ಬಾಯಿಬಿಟ್ಟು ಕೇಳಿಯೂಬಿಟ್ಟೆ.

"ನಿಮ್ಗೆ ಸಮಾಧಾನ ಕೊಡ್ಲಿಕ್ಕೆ ಅವ್ರು ಅಲ್ಲಿ ಮಲಗಿಲ್ಲ ಮಾರಾಯ್ರೆ," ಎಂದರು ಸಿಸ್ಟರ್. "ದೇವರು ತನ್ನ ಹೋಲಿಕೆಯಲ್ಲಿ ಮಾಡಿದ ಮನುಷ್ಯ ಅವ್ರು. ಅವ್ರಿಗೆ ಸಿಟ್ಟು ಬರ್ಬಾರ್ದಾ?"

ಅವತ್ತೇ ನನ್ನ ಹೊಕ್ಕುಳ ಪಕ್ಕ ಮೊದಲ ಸೂಜಿ ಬಿತ್ತು. ಹದಿನಾಲ್ಕನ್ನೂ ಹಾಕಿಸಿಕೊಂಡೆ. ನನ್ನ ವಿಷಯದಲ್ಲಿ ಐದಕ್ಕೆ ಸಾಕು ಎಂದು ಯಾರೂ ಬೆನ್ನು ತಟ್ಟಲಿಲ್ಲ.

ಮೂರನೇ ದಿನ ಬೆಳಿಗ್ಗೆ ಅವನಿಗೆ ಪ್ರಜ್ಞೆ ತಪ್ಪಿತು. ನನ್ನ ತಲೆಗೆ ಆಗ ಇನ್ನೊಂದು ಯೋಚನೆ ಬಂತು. ಸಾವಿನಂಚಿನಲ್ಲಿ ಇರುವವರಿಗೆ ಪಾದ್ರಿಯೇ ಬರಬೇಕೆಂದಿಲ್ಲ, ಯಾರು ಬೇಕಾದರೂ ತಲೆಗೆ ನೀರು ಹೊಯ್ದು ಎರಡು ಮಾತು ಹೇಳಿ ಕ್ರೈಸ್ತರನ್ನಾಗಿಸುವ ದೀಕ್ಷಾಸ್ನಾನ ಕೊಡಬಹುದು ಎಂದು ನಮಗೆ ಚಿಕ್ಕಂದಿನಲ್ಲಿ ಕಲಿಸಿದ್ದರು. ದೇಹವನ್ನಂತೂ ಉಳಿಸಲಿಲ್ಲ, ಆತ್ಮವನ್ನಾದರೂ ಉಳಿಸಿದ ಲೆಕ್ಕಕ್ಕೆ ಬರಲಿ ಎಂದು ಒಂದು ಲೋಟ ನೀರು ಹಿಡಿದು ಕೋಣೆಯ ಕಡೆ ಹೊರಟೆ. ನೀರು ಕಂಡರೆ ಜೀವ ಹೋಗುವಂತಾಗುತ್ತಿದ್ದವನ ತಲೆಗೆ ನೀರು! ಸಿಸ್ಟರ್ ಬಾಗಿಲಲ್ಲೇ ಲೋಟ ಕಿತ್ತುಕೊಂಡರು.

"ಅವ್ರು ಕೇಳಿದ್ರಾ?"

"ಇಲ್ಲ."

"ಮತ್ತೆ?"

ಕನ್ಯಾಸ್ತ್ರೀಯೊಬ್ಬರು ನನ್ನನ್ನು ತಡೆಯುತ್ತಾರೆ ಎಂದು ನಾನು ಎಣಿಸಿರಲಿಲ್ಲ. ಅವರು ಲೋಟದ ನೀರನ್ನು ಅಂಗಳದ ದಾಸವಾಳದ ಬುಡಕ್ಕೆ ಚೆಲ್ಲಿ ಒಳಗೆ ಹೋದರು. ಹತ್ತೂವರೆಯ ಹೊತ್ತಿಗೆ ಮುನಿರಾಜು ತೀರಿಕೊಂಡ. ಕೈಕಾಲಿಗೆ ಕಟ್ಟಿರಲಿಲ್ಲ, ಬಾಗಿಲು ತೆರೆದೇ ಇತ್ತು, ಹೆಂಡತಿ ಕೈ ಹಿಡಿದಿದ್ದಳು. ಅವನಿಗೆ ಸಿಕ್ಕ ಒಳ್ಳೆಯದು ಇಷ್ಟೇ. ಅದರಲ್ಲಿ ನಾನು ಕೊಟ್ಟದ್ದು ಏನೂ ಇಲ್ಲ.

ಮೂವತ್ತು ವರ್ಷ ಡಿಸ್ಪೆನ್ಸರಿಯಲ್ಲಿ ದುಡಿದು ನಿವೃತ್ತನಾದೆ. ಈ ಕೆಲಸ ಏನು ಕಲಿಸಿತು ಎಂದು ಯಾರಾದರೂ ಕೇಳಿದರೆ, ಕಣ್ಣಾರೆ ಕಾಣದ್ದನ್ನು ಬರೆಯಬೇಡಿ ಎನ್ನುತ್ತೇನೆ. ಕಿರಿಯರು ತಲೆಯಾಡಿಸುತ್ತಾರೆ. ಅದು ಅರ್ಧ ಪಾಠ ಮಾತ್ರ. ಉಳಿದದ್ದನ್ನು ನಾನು ಸಾಮಾನ್ಯವಾಗಿ ಹೇಳುವುದಿಲ್ಲ, ಇಲ್ಲಿ ಬರೆಯುತ್ತೇನೆ.

ಊರಿನವರು ಹೆಣ ಮುಟ್ಟಲು ಹೆದರಿದರು. ಗೋಣಿಯಲ್ಲಿ ಸುತ್ತಿ ಕೊಡಿ, ಹಾಗೇ ಹೂತುಬಿಡುತ್ತೇವೆ ಎಂದರು. ಸಿಸ್ಟರ್ ಒಪ್ಪಲಿಲ್ಲ. ಬಿಸಿನೀರು, ಸೋಪು, ಒಂದು ಹೊಸ ಪಂಚೆ ತರಿಸಿದರು. ನನಗೆ ಗ್ಲೌಸ್ ಕೊಟ್ಟು, "ಬನ್ನಿ, ಕಾಲಿನ ಕಡೆ ಹಿಡೀರಿ," ಎಂದರು. ಇಬ್ಬರೂ ಸೇರಿ ತೊಳೆದೆವು. ಈಗ ನೀರು ತಾಗಿದರೆ ಅವನು ಬೆಚ್ಚುತ್ತಿರಲಿಲ್ಲ. ಹಗ್ಗ ಉಜ್ಜಿದ ಮಣಿಕಟ್ಟು ತೊಳೆದೆವು, ಉಗುರಿನ ಸಂದಿಯಲ್ಲಿ ಕೂತಿದ್ದ ಮೋಲ್ಡಿಂಗ್ ಮರಳು ತೆಗೆದೆವು. ಹೊಟ್ಟೆಯ ಹತ್ತಿರ ಬಂದಾಗ ನನ್ನ ಕೈ ನಿಂತುಹೋಯಿತು. ಅವನ ಕಿವಿಯ ಹತ್ತಿರ ಬಗ್ಗಿ, ಮುನಿರಾಜು, ನನ್ನನ್ನು ಕ್ಷಮಿಸಪ್ಪಾ ಎಂದು ಪಿಸುಗುಟ್ಟಿದೆ.

ಸಿಸ್ಟರ್ ಬಟ್ಟೆ ಹಿಂಡುತ್ತಿದ್ದವರು ತಲೆಯೆತ್ತಲಿಲ್ಲ.

"ಈಗ ಕೇಳ್ಬೇಡಿ," ಎಂದರು. "ಆಗುದಿಲ್ಲ ಅಂತ ಹೇಳ್ಲಿಕ್ಕೆ ಈಗ ಅವ್ರಿಗೆ ಬಾಯಿಲ್ಲ."

ನಾನು ಬಟ್ಟೆಯನ್ನು ಮತ್ತೆ ನೀರಿಗದ್ದಿ ಅವನ ಹೊಟ್ಟೆ ಒರೆಸಿದೆ. ಅವನ ಉತ್ತರ ಅವನು ಹಿಂದಿನ ದಿನವೇ ಕೊಟ್ಟಿದ್ದ.